ದಿಗಂತದ ದೀಪಗಳ ಹೊಟ್ಟೆಯಲ್ಲಿ ಏನುಂಟು?

ಪಣಂಬೂರು ಕಡಲತೀರ, ಸಂಜೆ ಏಳು ಗಂಟೆ. ಚುರುಮುರಿ ಗಾಡಿಗಳ ಸುತ್ತ ಮಕ್ಕಳ ಗಲಾಟೆ. ಸೂರ್ಯ ಮುಳುಗಿದರೂ ಪಡುವಣದ ಕೆಂಪು ಇನ್ನೂ ಆರಿಲ್ಲ. ಅಷ್ಟರಲ್ಲಿ ಅಗೋ, ಕಡಲೂ ಆಕಾಶವೂ ಕೂಡುವ ಗೆರೆಯ ಮೇಲೆ ಒಂದು ದೀಪ! ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ನೋಡನೋಡುತ್ತ ಒಂಬತ್ತು ದೀಪಗಳ ಸಾಲು, ಯಾರೋ ನೀರಿನ ಅಂಚಿಗೆ ಹಣತೆ ಹಚ್ಚಿಟ್ಟ ಹಾಗೆ. ನವಮಂಗಳೂರು ಬಂದರಿನೊಳಗೆ ಬರಲು ಸರದಿ ಕಾಯುತ್ತ ಲಂಗರು ಹಾಕಿ ನಿಂತ ಹಡಗುಗಳು ಅವು.

ಈ ಸಾಲನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೋಡಿದಾಗಲೆಲ್ಲ ‘ಹಡಗು’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿ ಮನೆಗೆ ಮರಳಿದ್ದೇನೆ. ಆ ಒಂದು ಮಾತಿನ ಹಿಂದೆ ಎಷ್ಟು ದೊಡ್ಡ ಲೋಕವಿದೆ ಎಂದು ತಿಳಿದದ್ದು ಭಾವನಿಂದ. ಅಕ್ಕನ ಗಂಡ ಮೂವತ್ತು ವರ್ಷ ಸರಕು ಹಡಗುಗಳಲ್ಲಿ ದುಡಿದು, ಸಾರಂಗ್ ಆಗಿ, ಅಂದರೆ ಡೆಕ್ಕಿನ ಖಲಾಸಿಗಳ ಮೇಸ್ತ್ರಿಯಾಗಿ ನಿವೃತ್ತರಾದವರು.

“ಅದು ಎಂಥ ಹಡಗು ಭಾವ?” ಎಂದೆ, ಒಂದು ದೀಪದತ್ತ ಕೈ ತೋರಿಸಿ.

“ಹಡಗು ಎಂಥದು ಅಂತ ಕೇಳಬೇಡ ಮಾರಾಯ. ಒಳಗೆ ಎಂಥ ಉಂಟು ಅಂತ ಕೇಳು. ಹೊಟ್ಟೆಗೆ ಬೀಳುವ ಸಾಮಾನು ನೋಡಿಯೇ ಹಡಗು ಕಟ್ಟುವುದು. ನಾಳೆ ಬೆಳಿಗ್ಗೆ ಬಾ, ತೋರಿಸ್ತೇನೆ.”

ಮರುದಿನ ಬೆಳಿಗ್ಗೆ ದುರ್ಬೀನು ಹಿಡಿದು ಹೋದವನಿಗೆ ಕಣ್ಣಿನ ಪೊರೆ ಕಳಚಿದಂತಾಯಿತು. ಆವರೆಗೆ ಒಂದೇ ಥರ ಕಾಣುತ್ತಿದ್ದ ಕಪ್ಪು ಗೆರೆಗಳು ಬೇರೆಬೇರೆಯಾಗತೊಡಗಿದವು. ಡೆಕ್ಕಿನ ಮೇಲೆ ಸಾಲಾಗಿ ದೊಡ್ಡ ಮುಚ್ಚಳಗಳಿದ್ದು, ನಡುನಡುವೆ ಕ್ರೇನು ನಿಂತಿದ್ದರೆ ಅದು ಬಲ್ಕ್ ಕ್ಯಾರಿಯರ್. ಮುಚ್ಚಳವೇ ಇಲ್ಲದೆ ಡೆಕ್ಕಿನ ತುಂಬ ಪೈಪುಗಳು ಹರಿದಾಡಿದ್ದರೆ ಟ್ಯಾಂಕರ್. ಬೆನ್ನ ಮೇಲೆ ಬಣ್ಣಬಣ್ಣದ ಪೆಟ್ಟಿಗೆ ಪೇರಿಸಿಕೊಂಡದ್ದು ಕಂಟೇನರ್ ಹಡಗು. ಇಷ್ಟು ಗೊತ್ತಾದರೆ ಸಾಕು, ಕಡಲತೀರದ ಕಲ್ಲುಬೆಂಚಿನ ಮೇಲೆ ಕೂತೇ ಅರ್ಧ ಪ್ರಪಂಚದ ವ್ಯಾಪಾರವನ್ನು ಓದಬಹುದು! ಜಗತ್ತಿನ ದೇಶದೇಶಗಳ ನಡುವೆ ಓಡಾಡುವ ಸರಕಿನಲ್ಲಿ, ಪ್ರಮಾಣದ ಲೆಕ್ಕ ಹಿಡಿದರೆ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸಾಗುವುದು ಸಮುದ್ರದ ಮೇಲೆಯೇ.

ನೀರಾಗುವ ಕಲ್ಲು

ಮೊದಲು ಕಂಡದ್ದು ಬಲ್ಕ್ ಕ್ಯಾರಿಯರ್. ಕಲ್ಲಿದ್ದಲು, ಅದಿರು, ಗೋಧಿ, ರಸಗೊಬ್ಬರ, ಸುಣ್ಣದ ಕಲ್ಲು... ಚೀಲಕ್ಕೆ ಹಾಕದೆ ರಾಶಿಯಾಗಿಯೇ ಸುರಿದು ಒಯ್ಯುವ ಸರಕಿಗೆಲ್ಲ ಇದೇ ವಾಹನ. ಪಣಂಬೂರಿಗೂ ಇದಕ್ಕೂ ಹಳೆಯ ನಂಟು. 1974ರಲ್ಲಿ ಪ್ರಮುಖ ಬಂದರೆಂಬ ಪಟ್ಟ ಪಡೆದ ಈ ಬಂದರಿನ ಭಾಗ್ಯ ಬದಲಿಸಿದ ಸರಕುಗಳಲ್ಲಿ ಒಂದು ಕುದುರೆಮುಖದ ಕಬ್ಬಿಣದ ಅದಿರು. ಅದು ಲಾರಿ ಹತ್ತಿ ಬಂದದ್ದಲ್ಲ. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, ದೋಸೆಹಿಟ್ಟಿನಂತೆ ಮಾಡಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟದ ಕಾಡುಗಳ ಮೂಲಕ ಕೆಳಗೆ ಹರಿಸುತ್ತಿದ್ದರು. ಇಲ್ಲಿ ನೀರು ಬಸಿದು ಹಡಗಿಗೆ ತುಂಬುತ್ತಿದ್ದರು. ಬೆಟ್ಟವೊಂದು ದ್ರವವಾಗಿ ಹರಿದು ಕಡಲು ಸೇರುತ್ತಿತ್ತು! 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು.

ಬಲ್ಕ್ ಕ್ಯಾರಿಯರ್‌ಗಳಲ್ಲಿ ಗಾತ್ರಕ್ಕೆ ತಕ್ಕ ಹೆಸರುಗಳಿವೆ. ಪನಾಮಾ ಕಾಲುವೆಯ ಹಳೆಯ ಗೇಟುಗಳಲ್ಲಿ ಸರಿಯಾಗಿ ಹಿಡಿಸುವಂಥದ್ದು ಪನಾಮ್ಯಾಕ್ಸ್. ಅಲ್ಲಿ ಹಿಡಿಸದೆ ಆಫ್ರಿಕ, ದಕ್ಷಿಣ ಅಮೆರಿಕಗಳ ಭೂಶಿರ ಸುತ್ತಿ ಹೋಗಬೇಕಾಗಿದ್ದದ್ದು ಕೇಪ್‌ಸೈಜ್. ಎಲ್ಲಕ್ಕೂ ಅಣ್ಣ, ಬ್ರೆಜಿಲ್‌ನಿಂದ ಚೀನಾಕ್ಕೆ ಅದಿರು ಹೊರುವ ವೇಲ್‌ಮ್ಯಾಕ್ಸ್: ಉದ್ದ 360 ಮೀಟರು, ಒಂದು ಸಲಕ್ಕೆ 4 ಲಕ್ಷ ಟನ್.

ಭಾವ ಹೇಳಿದ ಒಂದು ಮಾತು ಕೇಳಿ ಬೆರಗಾದೆ. ಅದಿರು ತುಂಬಿ ‘ಫುಲ್’ ಆದ ಹಡಗಿನ ಮುಚ್ಚಳ ತೆರೆದು ಬಗ್ಗಿ ನೋಡಿದರೆ ಒಳಗೆ ಅರ್ಧಕ್ಕೂ ಹೆಚ್ಚು ಪಾಲು ಖಾಲಿಯೇ ಕಾಣುವುದುಂಟಂತೆ! ಒಂದು ಟನ್ ಕಲ್ಲಿದ್ದಲಿಗೆ ಬೇಕಾದ ಜಾಗದ ಸುಮಾರು ಮೂರನೇ ಒಂದು ಪಾಲು ಸಾಕು ಒಂದು ಟನ್ ಅದಿರಿಗೆ. ಜಾಗ ತುಂಬುವ ಮೊದಲೇ ಹಡಗಿನ ಶಕ್ತಿ ಮುಗಿಯುತ್ತದೆ. ಭಾರವೆಲ್ಲ ತಳದಲ್ಲೇ ಕೂತರೆ ಹಡಗು ಬುಗುರಿಯ ಹಾಗೆ ಝಟ್ಟನೆ ಅತ್ತಿಂದಿತ್ತ ಹೊರಳುತ್ತದೆ. ಅದಕ್ಕಾಗಿ ಒಂದು ಕೋಣೆ ಬಿಟ್ಟು ಒಂದಕ್ಕೆ ಅದಿರು ತುಂಬಿ, ರಾಶಿಯನ್ನು ಎತ್ತರಿಸುವ ಕ್ರಮವೂ ಇದೆ.

“ಆದರೆ ಅದಿರಿನಲ್ಲಿ ಇನ್ನೊಂದು ಗುಣ ಉಂಟು,” ಎಂದು ಭಾವ ಎದ್ದರು. ಕೈಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದರು. ಅಲೆ ಬಂದು ತಾಗಿ ಹೋಗುವ ಜಾಗದ ಹಸಿ ಮರಳನ್ನು ಅರ್ಧ ತುಂಬಿದರು. ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. ನೀರಿನ ಸುಳಿವಿರಲಿಲ್ಲ. ಡಬ್ಬಿಯನ್ನು ಗೇಣೆತ್ತರಕ್ಕೆ ಎತ್ತಿ ಕಲ್ಲುಬೆಂಚಿಗೆ ಕುಟ್ಟತೊಡಗಿದರು. ಒಂದು, ಎರಡು, ಮೂರು... ಹತ್ತಾಗುವಾಗ ಮರಳಿನ ಮೈ ಹೊಳೆಯಿತು. ಇಪ್ಪತ್ತಾಗುವಾಗ ಮೇಲೆ ನೀರು ನಿಂತಿತ್ತು. ಇಪ್ಪತ್ತೈದಕ್ಕೆ ನಿಲ್ಲಿಸಿ ಡಬ್ಬಿ ವಾಲಿಸಿದರು. ಗಟ್ಟಿಯಾಗಿದ್ದ ಮರಳು ಗಂಜಿಯ ಹಾಗೆ ಒಂದು ಬದಿಗೆ ಜಾರಿತು!

ಆಟವೆಂದುಕೊಂಡೆ, ಆಟವಲ್ಲ. ಹಡಗಿನವರು ಅದಿರಿನ ಪುಡಿ ತುಂಬುವ ಮೊದಲು ಮಾಡುವ ಪರೀಕ್ಷೆಯೇ ಇದು. ಡಬ್ಬಿಯಲ್ಲಿ ಹೀಗೆ ನೀರಾಡಿದರೆ ಸರಕು ಅಪಾಯದ್ದು ಎಂದು ಅರ್ಥ. ಕಡಲಿನಲ್ಲಿ ಎಂಜಿನ್ನಿನ ನಡುಕ, ಅಲೆಯ ಹೊಡೆತ ಸೇರಿ ಇದೇ ಕುಟ್ಟಾಟ ದಿನವಿಡೀ ನಡೆಯುತ್ತದೆ. ಪುಡಿಯ ಕಣಗಳ ನಡುವಿನ ತೇವ ಹೊರಹೋಗಲು ದಾರಿ ಸಿಗದೆ ಕಣಗಳನ್ನೇ ತೇಲಿಸುತ್ತದೆ. ಕಲ್ಲು ನೀರಾಗುತ್ತದೆ, ಒಂದೇ ಬದಿಗೆ ಹರಿಯುತ್ತದೆ, ಹಡಗು ವಾಲುತ್ತದೆ. 2009ರ ಜುಲೈ ತಿಂಗಳ ಮಳೆಯಲ್ಲಿ ಇದೇ ಮಂಗಳೂರಿನಿಂದ ಅದಿರಿನ ಪುಡಿ ಹೊತ್ತು ಹೊರಟ ಏಷ್ಯನ್ ಫಾರೆಸ್ಟ್ ಎಂಬ ಹಡಗು ನಮ್ಮ ಕಡಲಲ್ಲೇ ಮುಳುಗಿತು. ಕೋಸ್ಟ್ ಗಾರ್ಡ್‌ನವರು ನಾವಿಕರನ್ನೆಲ್ಲ ಉಳಿಸಿದರು. ನಾನು ದಿನಾ ಕಾಲಿಟ್ಟು ನಡೆದ ಹಸಿ ಮರಳಿನಲ್ಲೇ ಒಂದು ಹಡಗನ್ನು ಮುಳುಗಿಸುವ ಗುಟ್ಟು ಇತ್ತು!

ಉಸಿರಾಡುವ ಎಣ್ಣೆ

ದುರ್ಬೀನನ್ನು ಇನ್ನೂ ದೂರಕ್ಕೆ ತಿರುಗಿಸಿದೆ. ದಿಗಂತದಾಚೆಯಿಂದ ಬಿಳಿ ಕಟ್ಟಡವೊಂದರ ತಲೆ ಮಾತ್ರ ಕಾಣುತ್ತಿತ್ತು, ಒಡಲು ಭೂಮಿಯ ಬಾಗಿನ ಕೆಳಗೆ. ಕಚ್ಚಾತೈಲದ ದೊಡ್ಡ ಟ್ಯಾಂಕರ್. ಅಷ್ಟು ಆಳದ ಹಡಗು ಬಂದರಿನೊಳಗೆ ಬರಲಾಗದು. ಕಡಲ ನಡುವೆಯೇ ತೇಲುವ ಒಂದು ಬೋಯೆಗೆ ಕಟ್ಟಿಕೊಂಡು, ಸಮುದ್ರದಡಿಯ ಕೊಳವೆಯಲ್ಲಿ ದಡದ ತೈಲಾಗಾರಕ್ಕೆ ಎಣ್ಣೆ ಹರಿಸುತ್ತದೆ. ಅಲ್ಲಿಂದ ದಡಕ್ಕೆ ಎಣ್ಣೆ ಬರುತ್ತಿದೆ, ಕಣ್ಣಿಗೆ ಕಾಣದೆ, ಸದ್ದಿಲ್ಲದೆ!

ವಿಎಲ್‌ಸಿಸಿ ಎಂದು ಕರೆಯುವ ದೈತ್ಯ ಟ್ಯಾಂಕರ್ ಹೊರುವುದು ಸುಮಾರು 20 ಲಕ್ಷ ಬ್ಯಾರೆಲ್, ಅಂದರೆ ಹತ್ತಿರ ಹತ್ತಿರ 32 ಕೋಟಿ ಲೀಟರು. ರಸ್ತೆಯಲ್ಲಿ ಓಡುವ 20 ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳಿಗೆ ಇದನ್ನು ತುಂಬಿದರೆ ಹದಿನಾರು ಸಾವಿರ ಲಾರಿ ಬೇಕು. ಒಂದಕ್ಕೊಂದು ಮೂಗು ತಾಗಿಸಿ ನಿಲ್ಲಿಸಿದರೆ ಸಾಲು ಮಂಗಳೂರಿನಿಂದ ಹೊರಟು ಶಿರಾಡಿ ಘಾಟಿ ಹತ್ತಿ ಹಾಸನದ ಹೊಸ್ತಿಲು ಮುಟ್ಟುತ್ತದೆ. ಅಷ್ಟನ್ನೂ ಒಂದೇ ಹಡಗು, ಇಪ್ಪತ್ತೈದು ಮೂವತ್ತು ಮಂದಿ ಸೇರಿ ತರುತ್ತಾರೆ!

ಎಣ್ಣೆಯ ಸ್ವಭಾವವೇ ಬೇರೆ. ಅದು ಕುಲುಕುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ಆವಿ ಬಿಡುತ್ತದೆ. ಹಾಗಾಗಿ ಹೊಟ್ಟೆಯನ್ನು ಹಲವು ಕೋಣೆಗಳಾಗಿ ಸೀಳಿ, ತುದಿಯವರೆಗೆ ತುಂಬದೆ ಸ್ವಲ್ಪ ಜಾಗ ಬಿಡುತ್ತಾರೆ. ಆ ಖಾಲಿ ಜಾಗದಲ್ಲಿ ಗಾಳಿ ಇದ್ದರೆ ಒಂದು ಕಿಡಿ ಸಾಕು. ಅದಕ್ಕೊಂದು ಉಪಾಯ ಮಾಡಿದ್ದಾರೆ: ಹಡಗಿನದೇ ಬಾಯ್ಲರಿನ ಹೊಗೆಯನ್ನು ತೊಳೆದು, ತಣಿಸಿ, ಟ್ಯಾಂಕಿನೊಳಗೆ ತುಂಬುತ್ತಾರೆ. ಒಳಗಿನ ಆಮ್ಲಜನಕ ನೂರಕ್ಕೆ ಎಂಟಕ್ಕಿಂತ ಕೆಳಗೆ ಇಳಿದರೆ ಬೆಂಕಿಗೆ ಉಸಿರೇ ಇಲ್ಲ. ಹೊಗೆಯಿಂದ ಬೆಂಕಿಯನ್ನು ತಡೆಯುವುದು!

1989ರ ಮಾರ್ಚಿನಲ್ಲಿ ಅಲಾಸ್ಕದ ಕಡಲಲ್ಲಿ ಎಕ್ಸಾನ್ ವಾಲ್ಡೀಜ್ ಬಂಡೆಗೆ ಬಡಿದು ಸಮುದ್ರ ಕಪ್ಪಾದ ಮೇಲೆ ಟ್ಯಾಂಕರುಗಳಿಗೆ ಎರಡು ಮೈ ಬಂತು. ಹೊರಗೊಂದು ಉಕ್ಕಿನ ಗೋಡೆ, ಒಳಗೊಂದು, ನಡುವೆ ಆಳು ನಡೆದಾಡುವಷ್ಟು ಜಾಗ. ಮನುಷ್ಯ ಕಟ್ಟಿದ ಅತಿ ಉದ್ದದ ಹಡಗೂ ಟ್ಯಾಂಕರೇ. ಸೀವೈಸ್ ಜೈಂಟ್ ಎಂದು ಹೆಸರಾಗಿ ಆಮೇಲೆ ಹಲವು ಹೆಸರು ಹೊತ್ತ ಅದರ ಉದ್ದ 458 ಮೀಟರು. ಅದು ಕೊನೆಯುಸಿರೆಳೆದದ್ದು ನಮ್ಮ ದೇಶದಲ್ಲಿ, ಗುಜರಾತಿನ ಅಲಂಗ್ ಮರಳ ಮೇಲೆ.

ಹಾರಿಹೋಗುವುದನ್ನು ಹಿಡಿದಿಡುವ ಹಡಗು

ಅಡುಗೆಮನೆಯ ಸಿಲಿಂಡರ್ ಹಡಗಿನಲ್ಲಿ ಬರುತ್ತದೆ ಎಂದರೆ ಮೊದಲು ನಾನು ಸಾಲಾಗಿ ಜೋಡಿಸಿದ ಕೆಂಪು ಸಿಲಿಂಡರುಗಳನ್ನೇ ಕಲ್ಪಿಸಿಕೊಂಡಿದ್ದೆ. ಅಲ್ಲ! ಎಲ್‌ಪಿಜಿಯನ್ನು ಒತ್ತಡದಿಂದಲೋ ಚಳಿಯಿಂದಲೋ ದ್ರವ ಮಾಡಿ ತುಂಬುತ್ತಾರೆ. ಒತ್ತಡವಿಲ್ಲದೆ ಪ್ರೊಪೇನ್ ದ್ರವವಾಗಿರಬೇಕಾದರೆ ಮೈನಸ್ 42 ಡಿಗ್ರಿ ಬೇಕು. ಹೊರಗೆ ಪಣಂಬೂರಿನ ಸೆಕೆ, ಒಳಗೆ ಸೈಬೀರಿಯದ ಚಳಿ! ಇಪ್ಪತ್ತು ಸಾವಿರ ಟನ್ ತರುವ ಒಂದು ಹಡಗಿನಿಂದ ಮನೆಬಳಕೆಯ ಹದಿನಾಲ್ಕು ಲಕ್ಷ ಸಿಲಿಂಡರ್ ತುಂಬಬಹುದು.

ಇದಕ್ಕಿಂತ ದೊಡ್ಡ ಪವಾಡ ಎಲ್‌ಎನ್‌ಜಿ, ದ್ರವರೂಪದ ನೈಸರ್ಗಿಕ ಅನಿಲ. ಮೈನಸ್ 162 ಡಿಗ್ರಿಗೆ ತಣಿಸಿದರೆ 600 ಕೊಡದಷ್ಟು ಅನಿಲ ಒಂದೇ ಕೊಡ ದ್ರವವಾಗಿ ಕುಗ್ಗುತ್ತದೆ. ಮಾಮೂಲಿ ಉಕ್ಕು ಆ ಚಳಿಗೆ ಗಾಜಿನ ಹಾಗೆ ಒಡೆಯುತ್ತದೆ. ಹಾಗಾಗಿ ಕೆಲವು ಹಡಗುಗಳಲ್ಲಿ ಇನ್ವಾರ್ ಎಂಬ ನಿಕ್ಕಲ್ ಬೆರೆತ ಲೋಹದ ಹಾಳೆಯ ಒಳಪದರ ಹೊದಿಸುತ್ತಾರೆ. ಚಳಿಗೆ ಅದು ಕುಗ್ಗುವುದೇ ಇಲ್ಲವೆನ್ನಬಹುದು. ಅದರ ದಪ್ಪ ಎಷ್ಟು ಗೊತ್ತೇ? 0.7 ಮಿಲಿಮೀಟರು. ನಿಮ್ಮ ಜೇಬಿನ ಎಟಿಎಂ ಕಾರ್ಡಿಗಿಂತ ತೆಳು! ಅದರ ಹಿಂದಿನ ದಪ್ಪ ಶಾಖನಿರೋಧಕ ಪದರವೇ ಭಾರ ಹೊರುತ್ತದೆ. ಇನ್ನು ಕೆಲವು ಹಡಗುಗಳಲ್ಲಿ ಭಾರಿ ಗೋಳಗಳು, ಡೆಕ್ಕಿನ ಮೇಲೆ ಅರ್ಧ ಮಾತ್ರ ಕಾಣುತ್ತವೆ. ಹಡಗೊಂದು ನಾಲ್ಕೈದು ಗುಮ್ಮಟಗಳನ್ನು ಹೊತ್ತು ತೇಲಿದ ಹಾಗೆ. ಇಷ್ಟಾದರೂ ದಾರಿಯಲ್ಲಿ ಸ್ವಲ್ಪ ಸ್ವಲ್ಪ ಕುದಿದು ಆವಿಯಾಗುತ್ತದೆ. ಆ ಆವಿಯನ್ನೇ ಎಂಜಿನ್ನಿಗೆ ಕೊಟ್ಟು ಹಡಗು ಓಡಿಸುತ್ತಾರೆ. ಸರಕೇ ಇಂಧನ! 2004ರಲ್ಲಿ ‘ದಿಶಾ’ ಎಂಬ ಹಡಗು ಕತಾರಿನಿಂದ ಗುಜರಾತಿನ ದಹೇಜಿಗೆ ಮೊದಲ ಎಲ್‌ಎನ್‌ಜಿ ತಂದಾಗ ಭಾರತಕ್ಕೆ ಈ ಅಚ್ಚರಿಯ ಪರಿಚಯವಾಯಿತು.

ಪೈಪುಗಳ ಇನ್ನೊಂದು ಹಡಗು ಗಾತ್ರದಲ್ಲಿ ಚಿಕ್ಕದು. ಭಾವ ಅದನ್ನು ಕಂಡದ್ದೇ “ಅದು ಪಾಮೋಲಿನ್ ಇರಬೇಕು” ಎಂದರು. ರಾಸಾಯನಿಕ ಮತ್ತು ಖಾದ್ಯತೈಲ ಸಾಗಿಸುವ ಟ್ಯಾಂಕರ್ ಅದು, ಹತ್ತಾರು ಬಿಡಿ ಟ್ಯಾಂಕುಗಳ ಊಟದ ಕ್ಯಾರಿಯರ್! ಇಂಡೊನೇಷ್ಯ, ಮಲೇಷ್ಯಗಳಿಂದ ಬರುವ ತಾಳೆ ಎಣ್ಣೆ ತಣ್ಣಗಾದರೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಅದಕ್ಕೆ ಟ್ಯಾಂಕಿನೊಳಗೆ ಬಿಸಿ ಸುರುಳಿಗಳಿವೆ. ಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಮ್ಲಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕು. ಖಾದ್ಯತೈಲ ತುಂಬುವ ಮುನ್ನ ಆ ಟ್ಯಾಂಕಿನಲ್ಲಿ ಹಿಂದೆ ಏನೇನು ತುಂಬಿತ್ತೆಂದು ಜಾತಕ ಕೇಳುತ್ತಾರೆ, ಒಳಗಿಳಿದು ಗೋಡೆ ಮುಟ್ಟಿ ಮೂಸಿ ನೋಡುತ್ತಾರೆ. ಒಂದು ಬಾಣಲೆಯ ಎಣ್ಣೆಯ ಹಿಂದೆ ಎಷ್ಟೊಂದು ಕಾಳಜಿ!

ಪೆಟ್ಟಿಗೆಯ ಕ್ರಾಂತಿ

1956ರ ಏಪ್ರಿಲ್ 26. ಅಮೆರಿಕದ ನ್ಯೂಯಾರ್ಕ್ ಪಕ್ಕದ ನೆವಾರ್ಕಿನಿಂದ ‘ಐಡಿಯಲ್ ಎಕ್ಸ್’ ಎಂಬ ಹಳೆಯ ಟ್ಯಾಂಕರ್ ಡೆಕ್ಕಿನ ಮೇಲೆ 58 ತಗಡು ಪೆಟ್ಟಿಗೆ ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಹೊರಡಿಸಿದವನು ಮಾಲ್ಕಮ್ ಮೆಕ್ಲೀನ್, ಹಡಗಿನವನಲ್ಲ, ಲಾರಿಯವನು! ಚೀಲ, ಪೀಪಾಯಿ, ಕಟ್ಟುಗಳನ್ನು ಒಂದೊಂದಾಗಿ ಏರಿಸುವ ಬದಲು ಲಾರಿಯ ಪೆಟ್ಟಿಗೆಯನ್ನೇ ಎತ್ತಿಟ್ಟರೆ ಹೇಗೆ ಎಂಬುದು ಅವನ ಯೋಚನೆ. ಟನ್ನಿಗೆ 5 ಡಾಲರ್ 86 ಸೆಂಟ್ ಇದ್ದ ತುಂಬುವ ಖರ್ಚು 16 ಸೆಂಟಿಗೆ ಇಳಿಯಿತು. ಪ್ರಪಂಚದ ವ್ಯಾಪಾರವೇ ಮಗುಚಿಬಿತ್ತು.

ಕಂಟೇನರಿನ ಮೋಡಿ ಇರುವುದು ಮೂಲೆಗಳಲ್ಲಿ. ಪ್ರತಿ ಮೂಲೆಯಲ್ಲೂ ರಂಧ್ರವಿರುವ ಒಂದು ಉಕ್ಕಿನ ಗಟ್ಟಿ. ಎರಡು ಪೆಟ್ಟಿಗೆಗಳ ನಡುವೆ ಮುಷ್ಟಿಗಾತ್ರದ ಟ್ವಿಸ್ಟ್‌ಲಾಕ್ ಇಟ್ಟು ತಿರುಗಿಸಿದರೆ ಎರಡೂ ಒಂದೇ ಆಗುತ್ತವೆ. ಪ್ರತಿ ಪೆಟ್ಟಿಗೆಗೂ ಹಡಗಿನಲ್ಲಿ ಆರಂಕಿಯ ವಿಳಾಸ: ಮೊದಲ ಎರಡು ಅಂಕಿ ಉದ್ದದಲ್ಲಿ ಎಲ್ಲಿ, ನಡುವಿನ ಎರಡು ಅಡ್ಡಸಾಲಿನಲ್ಲಿ ಎಲ್ಲಿ, ಕೊನೆಯ ಎರಡು ಎಷ್ಟನೇ ಅಂತಸ್ತು. ಪಿನ್‌ಕೋಡಿನ ಹಾಗೆ! 2025ರ ಜೂನಿನಲ್ಲಿ ಕೇರಳದ ವಿಳಿಂಞಂಗೆ ಬಂದ ಎಂಎಸ್‌ಸಿ ಐರಿನಾ ಇಪ್ಪತ್ತು ಅಡಿಯ 24,346 ಪೆಟ್ಟಿಗೆ ಹಿಡಿಸುವ ಹಡಗು. ಅಷ್ಟಕ್ಕೂ ಒಂದೊಂದು ವಿಳಾಸ!

ನಮ್ಮ ಪಣಂಬೂರಿಗೆ ಬರುವವು ಚಿಕ್ಕವು. ಆದರೆ ಅವುಗಳ ಪೆಟ್ಟಿಗೆಯಲ್ಲಿರುವುದು ಮಲೆನಾಡು. ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತದೆ. ಇಪ್ಪತ್ತು ಅಡಿಯ ಒಂದು ಪೆಟ್ಟಿಗೆಗೆ 60 ಕಿಲೋದ ಸುಮಾರು 320 ಚೀಲ. ಬೀಜಕ್ಕೆ ತೇವ ತಾಗದಂತೆ ಒಳಗೆ ತೇವ ಹೀರುವ ಚೀಲಗಳನ್ನು ತೂಗುಹಾಕುತ್ತಾರೆ. ಎದುರು ದಿಕ್ಕಿನಿಂದ ಆಫ್ರಿಕದ ಹಸಿ ಗೇರುಬೀಜ ಬಂದಿಳಿಯುತ್ತದೆ, ಇಲ್ಲಿನ ಕಾರ್ಖಾನೆಗಳಲ್ಲಿ ಹೆಂಗಸರ ಕೈಯಲ್ಲಿ ಗೋಡಂಬಿಯಾಗುತ್ತದೆ.

ಇನ್ನೂ ಎಷ್ಟು ಬಗೆ! ಕಾರು ಸಾಗಿಸುವ ರೋ-ರೋ ಹಡಗು ಕಿಟಕಿಯಿಲ್ಲದ ಬಹುಮಹಡಿ ಕಟ್ಟಡ. ಹಿಂಬಾಗಿಲು ಸೇತುವೆಯಂತೆ ದಡಕ್ಕೆ ಚಾಚಿ, ಸಾವಿರಾರು ಕಾರುಗಳನ್ನು ಓಡಿಸಿಯೇ ಒಳಗೆ ಕೂರಿಸುತ್ತಾರೆ. ಕೊಂಕಣ ರೈಲಿನಲ್ಲಿ ಸುರತ್ಕಲ್ಲಿನಿಂದ ಲಾರಿಗಳು ರೈಲೇರಿ ಹೋಗುತ್ತವಲ್ಲ, ಆ ‘ರೋ-ರೋ’ ಎಂಬ ಹೆಸರು ಬಂದದ್ದು ಇದೇ ಹಡಗಿನಿಂದ! ಇನ್ನೊಂದು ಹಡಗು ಬೇಕೆಂದೇ ಮುಳುಗುತ್ತದೆ. ಬೆನ್ನನ್ನು ನೀರಿನಡಿಗೆ ಇಳಿಸಿ, ಮೇಲೆ ತೇಲಿ ಬಂದ ಮತ್ತೊಂದು ಹಡಗನ್ನು ಹೊತ್ತು ಮೇಲೇಳುತ್ತದೆ. 2000ದಲ್ಲಿ ದಾಳಿಗೆ ಸಿಕ್ಕ ಅಮೆರಿಕದ ಯುದ್ಧನೌಕೆ ಕೋಲ್ ಊರಿಗೆ ಮರಳಿದ್ದು ಹೀಗೆ, ಬ್ಲೂ ಮಾರ್ಲಿನ್ ಎಂಬ ಹಡಗಿನ ಬೆನ್ನೇರಿ.

ಮಂಜಿಯ ಮುಂದೆ ನಿಂತು

ಮಧ್ಯಾಹ್ನ ಭಾವ ನನ್ನನ್ನು ಹಳೇ ಬಂದರಿನ ದಕ್ಕೆಗೆ ಕರೆದೊಯ್ದರು. ಅಲ್ಲಿ ಗುರುಪುರ ನದಿಯ ನೀರಿನಲ್ಲಿ ಮರದ ಮಂಜಿಗಳು, ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವವು. ಹಲಗೆಯ ಮೇಲೆ ಆಳುಗಳು ತಲೆಹೊರೆಯಲ್ಲಿ ನಡೆಯುತ್ತಿದ್ದರು: ಸಿಮೆಂಟು ಚೀಲ, ಈರುಳ್ಳಿ, ತರಕಾರಿ ಬುಟ್ಟಿ, ಜಲ್ಲಿ, ಒಂದು ಹೊಸ ಕಪಾಟು. ಮಂಜಿಯ ಯಜಮಾನಿಕೆ ಹೊತ್ತ ತಂಡೇಲರು ನಿಂತಲ್ಲೇ ಕಣ್ಣಳತೆಯಲ್ಲಿ “ಅದು ಕೆಳಗೆ, ಇದು ಮೇಲೆ” ಎನ್ನುತ್ತಿದ್ದರು. ಭಾರದ್ದು ತಳಕ್ಕೆ, ಬಾಡುವಂಥದ್ದು ಗಾಳಿಯಾಡುವಲ್ಲಿಗೆ. ಮಳೆಗಾಲದಲ್ಲಿ ಈ ಮಂಜಿಗಳ ಓಡಾಟ ನಿಲ್ಲುತ್ತದೆ. ಉಳಿದ ತಿಂಗಳುಗಳಲ್ಲಿ ದ್ವೀಪದ ಮನೆಗಳ ಅಡುಗೆ ಇವುಗಳನ್ನು ನಂಬಿದೆ.

ಬೆಳಿಗ್ಗೆಯಿಂದ ನೋಡಿದ್ದೆಲ್ಲ ಇಲ್ಲೇ ಇತ್ತು! ಎಲ್ಲ ಸರಕಿಗೂ ಒಂದೇ ಹೊಟ್ಟೆಯಿದ್ದ ಕಾಲದ ಹಡಗು ಇದು. ತಂಡೇಲರ ಕಣ್ಣಳತೆಯಲ್ಲಿದ್ದ ಒಂದೊಂದು ತಿಳಿವೂ ಬೆಳೆದು ಒಂದೊಂದು ಬೇರೆ ಹಡಗಾಗಿದೆ: ಭಾರದ ಅರಿವು ಬಲ್ಕ್ ಕ್ಯಾರಿಯರ್ ಆಯಿತು, ಕುಲುಕುವುದರ ಅರಿವು ಟ್ಯಾಂಕರ್ ಆಯಿತು, ಕೆಡುವುದರ ಅರಿವು ಸರಕನ್ನು ತಣ್ಣಗಿಡುವ ಶೀತಲ ಕಂಟೇನರ್ ಆಯಿತು.

ಸಂಜೆ ಮತ್ತೆ ಪಣಂಬೂರು. ಬೆಳಿಗ್ಗೆ ಬಂದರಿನೊಳಗೆ ಕಲ್ಲಿದ್ದಲು ಇಳಿಸುತ್ತಿದ್ದ ಹಡಗು ಹೊರಗೆ ಬರುತ್ತಿತ್ತು. ಮುಂದೆ ಟಗ್ ದೋಣಿ, ಹಿಂದೆ ಟಗ್ ದೋಣಿ. ಮೈ ನೀರಿನಿಂದ ಎಷ್ಟೋ ಮೇಲೆದ್ದು ಕೆಳಗಿನ ಕೆಂಪು ಬಣ್ಣ ಕಾಣುತ್ತಿತ್ತು. ನಡುಮೈಯಲ್ಲಿ ಒಂದು ವೃತ್ತ, ಅದನ್ನು ಸೀಳುವ ಗೆರೆ. ಇಂಗ್ಲೆಂಡಿನ ಸಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿ 1876ರಲ್ಲಿ ಕಾನೂನು ಮಾಡಿಸಿದ ಗುರುತು ಅದು. ಆ ಗೆರೆ ಮುಳುಗುವಷ್ಟು ತುಂಬಬಾರದು. ಪಕ್ಕದಲ್ಲಿ ಏಣಿಮೆಟ್ಟಿಲಿನಂಥ ಬೇರೆ ಗೆರೆಗಳು, ಬೇಸಿಗೆಗೊಂದು, ಚಳಿಗಾಲಕ್ಕೊಂದು, ಸಿಹಿನೀರಿಗೊಂದು. ನೀರಿನ ಗುಣ ಬದಲಾದರೆ ಹಡಗು ತೇಲುವ ಮಟ್ಟವೂ ಬದಲು!

“ಪಾಪ, ಖಾಲಿ ಹೋಗ್ತಾ ಉಂಟು,” ಎಂದೆ.

“ಖಾಲಿಯಾ?” ಭಾವ ನಕ್ಕರು. “ಖಾಲಿ ಹೋದರೆ ಮೊದಲ ಗಾಳಿಗೇ ತೂರಾಡ್ತದೆ. ಅದರ ಹೊಟ್ಟೆಯಲ್ಲಿ ಈಗ ಇರುವುದು ನಮ್ಮ ಕಡಲು.”

ನಿಲುಭಾರ! ಸರಕು ಇಳಿದಂತೆಲ್ಲ ಹಡಗು ಪಕ್ಕದ ಟ್ಯಾಂಕುಗಳಿಗೆ ಸಾವಿರಾರು ಟನ್ ಸಮುದ್ರದ ನೀರು ಎಳೆದುಕೊಳ್ಳುತ್ತದೆ, ಮುಂದಿನ ಬಂದರಿನಲ್ಲಿ ಸರಕು ತುಂಬುವಾಗ ಹೊರಗೆ ಬಿಡುತ್ತದೆ. ಆ ನೀರಿನಲ್ಲಿ ಮೀನಿನ ಮರಿ, ಏಡಿಯ ಮರಿ, ಕಣ್ಣಿಗೆ ಕಾಣದ ಪಾಚಿ, ಒಂದು ಇಡೀ ಕಡಲಿನ ಸಂತತಿ. 1980ರ ದಶಕದಲ್ಲಿ ಹೀಗೆಯೇ ಅಮೆರಿಕದ ಕಡಲಿನ ಬಾಚಣಿಗೆ ಲೋಳೆಜೀವಿಯೊಂದು ಕಪ್ಪು ಸಮುದ್ರ ಸೇರಿ ಅಲ್ಲಿನ ಆಂಚೊವಿ ಮೀನುಗಾರಿಕೆಯನ್ನೇ ಕುಸಿಯುವಂತೆ ಮಾಡಿತು. ಅದಕ್ಕಾಗಿ 2017ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮದಂತೆ ಹಡಗುಗಳು ಈ ನೀರನ್ನು ಸೋಸಿ, ಸಂಸ್ಕರಿಸಿ ಬಿಡುವ ಯಂತ್ರ ಇಟ್ಟುಕೊಳ್ಳುತ್ತಿವೆ.

ಕಡಲಿನ ಮೇಲೆ ಕಡಲನ್ನೇ ಹೊತ್ತು ಸಾಗುವ ಹಡಗು! ಅದು ಚಿಕ್ಕದಾಗುತ್ತ ಕಪ್ಪು ಗೆರೆಯಾಯಿತು, ಗೆರೆ ಕತ್ತಲಲ್ಲಿ ಕರಗಿತು, ಕರಗಿದ ಜಾಗದಲ್ಲಿ ದೀಪ ಹತ್ತಿತು. ಸಾಲಿನಲ್ಲಿ ಈ ರಾತ್ರಿ ಹತ್ತು ದೀಪ. ಬೆರಳು ಮಡಚಿ ಎಣಿಸಿದೆ: ಇದು ಕಲ್ಲಿದ್ದಲು, ಅದು ತಾಳೆ ಎಣ್ಣೆ, ಆಚೆಯದು ಅಡುಗೆ ಅನಿಲ, ದೂರದ್ದು ಕಚ್ಚಾತೈಲ, ಹೊರಟು ಹೋಗುತ್ತಿರುವುದು ಪಣಂಬೂರಿನ ನೀರು.